ಕಡಿಮೆ ಬೆಲೆಯ ಷೇರು ಅಗ್ಗವೇ?

ಪ್ರಶ್ನೆ: ಇನ್ಫೋಸಿಸ್‌ಗಿಂತ ವಿಪ್ರೊ ಷೇರಿನ ಬೆಲೆ ಬಹಳ ಕಡಿಮೆ. ವಿಪ್ರೊ ಕೊಳ್ಳುವುದೇ ಲಾಭವಲ್ಲವೇ? – ಓದುಗರು, ನಲ್ಲೂರು, ದೇವನಹಳ್ಳಿ ತಾಲ್ಲೂಕು

ಉತ್ತರ: ಬರೀ ಬೆಲೆ ನೋಡಿ ಹಾಗೆ ಹೇಳಲಾಗದು. ಒಂದು ಷೇರಿನ ಬೆಲೆ, ಕಂಪನಿಯನ್ನು ಎಷ್ಟು ಪಾಲು ಮಾಡಲಾಗಿದೆ ಎಂಬುದನ್ನೂ ಅವಲಂಬಿಸಿರುತ್ತದೆ. 2024ರ ಡಿಸೆಂಬರ್‌ನಲ್ಲಿ ವಿಪ್ರೊ ಒಂದಕ್ಕೊಂದು ಬೋನಸ್ ಷೇರು ಕೊಟ್ಟಾಗ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ಕೈಯಲ್ಲಿದ್ದ ಷೇರು ಇಮ್ಮಡಿಯಾಯಿತು. ಹೂಡಿಕೆದಾರರ ಒಟ್ಟು ಆಸ್ತಿ ಮಾತ್ರ ಅದರಿಂದ ಬೆಳೆಯಲಿಲ್ಲ. ಇನ್ಫೋಸಿಸ್ 2018ರಲ್ಲಿ ಮಾಡಿದ್ದೂ ಇದನ್ನೇ.

ಹೋಲಿಸಬೇಕಾದದ್ದು ಗಳಿಕೆಯನ್ನು. 2024-25ರಲ್ಲಿ ನೂರು ರೂಪಾಯಿ ವಹಿವಾಟಿಗೆ ಇನ್ಫೋಸಿಸ್‌ನ ಕಾರ್ಯಾಚರಣಾ ಲಾಭ ಸುಮಾರು 21 ರೂಪಾಯಿ, ವಿಪ್ರೊದ ಐಟಿ ಸೇವೆಗಳಲ್ಲಿ ಸುಮಾರು 17. ಆ ವರ್ಷ ಮೊದಲನೆಯದರ ಆದಾಯ ಏರಿತು, ಎರಡನೆಯದರ ಐಟಿ ಸೇವಾ ಆದಾಯ ತುಸು ಇಳಿಯಿತು. ಹಾಗೆಂದು ಇನ್ಫೋಸಿಸ್ಸೇ ಸರಿ ಎನ್ನಬಹುದೇ? ಒಳ್ಳೆಯ ಕಂಪನಿಯ ಒಳ್ಳೆಯತನ ಬೆಲೆಯಲ್ಲಿ ಆಗಲೇ ಸೇರಿರುತ್ತದೆ, ಸೊರಗಿದ ಕಂಪನಿ ಚೇತರಿಸಿಕೊಂಡರೆ ಲಾಭ ಹೆಚ್ಚು ಎಂಬ ವಾದಕ್ಕೆ ತೂಕವಿದೆ. ಆದರೆ ಚೇತರಿಕೆಗೆ ಕಾರಣ ಬೇಕು: ಹೊಸ ಗುತ್ತಿಗೆಗಳು, ಅವು ಆದಾಯವಾಗುವ ವೇಗ. ಮೂರು ತಿಂಗಳಿಗೊಮ್ಮೆ ಬರುವ ಫಲಿತಾಂಶದಲ್ಲಿ ಅದು ಕಾಣದಿದ್ದರೆ, ಕಡಿಮೆ ಬೆಲೆಯೊಂದನ್ನೇ ನಂಬಿ ಕೊಳ್ಳುವುದನ್ನು ನಾನು ಒಪ್ಪಲಾರೆ.