ಹೈಲೆಂಡ್ ಉಡುಪಿನ ಔಚಿತ್ಯ

ಓದಲೆಂದೋ ದುಡಿಯಲೆಂದೋ ಸ್ಕಾಟ್ಲೆಂಡಿನ ಎಡಿನ್‌ಬರೊ, ಗ್ಲಾಸ್ಗೊಗಳಿಗೆ ಹೋಗಿ ನೆಲೆಸಿರುವ ನಮ್ಮ ಯುವಕರಿಗೆ ಒಂದಲ್ಲ ಒಂದು ದಿನ ಅಲ್ಲಿಯ ಸ್ನೇಹಿತರ ಮನೆಯ ಮದುವೆಗೋ, ಜನವರಿ 25ರಂದು ನಡೆಯುವ ಕವಿ ರಾಬರ್ಟ್ ಬರ್ನ್ಸನ ಜನ್ಮದಿನದ ಔತಣಕ್ಕೋ, ನವೆಂಬರ್ 30ರ ಸೇಂಟ್ ಆ್ಯಂಡ್ರೂಸ್ ದಿನದ ನೃತ್ಯಕೂಟಕ್ಕೋ ಕರೆ ಬರುವುದುಂಟು. ಆ ಆಮಂತ್ರಣಪತ್ರದ ಅಡಿಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಅಚ್ಚಾಗಿರುವ ‘ಬ್ಲ್ಯಾಕ್ ಟೈ ಅಥವಾ ಹೈಲೆಂಡ್ ಉಡುಪು’ ಎಂಬ ಸಾಲು, ಕರೆದವರ ಮಟ್ಟಿಗೆ, ಮೇಲಿನ ಸಾಲುಗಳಷ್ಟೇ ತೂಕದ್ದು. ಕಿಲ್ಟೆಂಬ ನೆರಿಗೆಯ ಉಡುಗೆಯೊಂದನ್ನು ಬಾಡಿಗೆಗೆ ತಂದು ಸುತ್ತಿಕೊಂಡರೆ ಕಾರ್ಯ ಮುಗಿಯಿತೆಂದು ಭಾವಿಸುವವರು ಅಲ್ಲಿಯೇ ಎಡವುತ್ತಾರೆ. ಏಕೆಂದರೆ ಉಡುವ ಕಿಲ್ಟು ಒಂದೇ ಆದರೂ ಅದರೊಡನೆ ಹಗಲಿನಲ್ಲಿ ಸಲ್ಲುವುದು ಇರುಳಿನಲ್ಲಿ ಸಲ್ಲದು.

ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರನು, ಔಚಿತ್ಯವೇ ಕಾವ್ಯದ ಜೀವಿತವೆಂಬ ತನ್ನ ಸಿದ್ಧಾಂತವನ್ನು ಸ್ಥಾಪಿಸುವಾಗ, ನಡುವಿನ ಡಾಬನ್ನು ಕೊರಳಿಗೂ ಕೊರಳ ಹಾರವನ್ನು ನಡುವಿಗೂ ತೊಟ್ಟವರ ದೃಷ್ಟಾಂತವನ್ನು ಕೊಟ್ಟನು. ಆಭರಣದಲ್ಲಿ ಕುಂದಿಲ್ಲ, ಧರಿಸಿದವರ ರೂಪದಲ್ಲಿಯೂ ಕುಂದಿಲ್ಲ. ಸ್ಥಾನ ತಪ್ಪಿದ್ದೇ ದೋಷ. ಹೈಲೆಂಡ್ ಉಡುಪಿನ ನಿಯಮಗಳನ್ನೆಲ್ಲ ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಕೈದೀವಿಗೆಯನ್ನು ನಾನು ಕಾಣೆ.

ಸ್ಕಾಟ್ಲೆಂಡಿನ ಜನ ತಮ್ಮ ಈ ಉಡುಪಿನ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿರುವುದಕ್ಕೆ ಕಾರಣವೂ ಇದೆ. 1746ರ ಏಪ್ರಿಲ್ 16ರಂದು ಕಲೋಡನ್ನಿನ ಬಯಲಿನಲ್ಲಿ ಸ್ಟುವರ್ಟ್ ರಾಜಪಕ್ಷವು ಸೋತ ಮೇಲೆ, ಗುಡ್ಡಗಾಡಿನ ಕುಲಗಳ ಒಗ್ಗಟ್ಟನ್ನೇ ಮುರಿಯಲು ಸಂಕಲ್ಪಿಸಿದ ಸರ್ಕಾರವು ಅದೇ ವರ್ಷ ಶಾಸನಮಾಡಿ, ಗಂಡಸರಾಗಲಿ ಹುಡುಗರಾಗಲಿ ಹೈಲೆಂಡ್ ಉಡುಪನ್ನು ಧರಿಸಕೂಡದೆಂದು ವಿಧಿಸಿತು: ಮೊದಲ ತಪ್ಪಿಗೆ 6 ತಿಂಗಳ ಸೆರೆ, ಮರಳಿ ತಪ್ಪಿದರೆ 7 ವರ್ಷ ಕಡಲಾಚೆಗೆ ಗಡೀಪಾರು. 1782ರಲ್ಲಿ ಅದು ರದ್ದಾಗುವವರೆಗೆ ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿಯಿತ್ತು. ಆ ನಿಷೇಧದ ಕಾಲದಲ್ಲಿಯೇ ಕಟ್ಟಿದ ಹೈಲೆಂಡ್ ದಳವೊಂದರೊಡನೆ ಬಂದು, 1780ರಲ್ಲಿ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕು, ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿ ವರ್ಷಗಳನ್ನು ಕಳೆದ ಡೇವಿಡ್ ಬೇರ್ಡನೇ 1799ರ ಮೇ 4ರಂದು ಆ ಕೋಟೆಯ ಮೇಲಿನ ದಾಳಿಯ ಮುಂದಾಳಾದವನೆಂಬುದನ್ನು ಕನ್ನಡಿಗರು ಮರೆತಿರಲಾರರು. ಮುಂದೆ 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೊಗೆ ಬಂದಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟನು ಏರ್ಪಡಿಸಿದ ಸಮಾರಂಭಗಳಲ್ಲಿ ದೊರೆಯೇ ಕಿಲ್ಟು ಧರಿಸಿ ಕಾಣಿಸಿಕೊಂಡನು. ಒಮ್ಮೆ ಅಪರಾಧವೆನಿಸಿದ್ದ ಉಡುಪು ಹೀಗೆ ದರ್ಬಾರಿನ ಉಡುಪಾಯಿತು.

ಕಿಲ್ಟಿಗೆ ಬೇಕಾಗುವ ಉಣ್ಣೆಯ ಬಟ್ಟೆ ಸುಮಾರು 8 ಗಜ. ಪಂಚೆಯನ್ನು ನೆರಿಗೆ ಹಿಡಿದು ಮುಂದಕ್ಕೆ ಸಿಕ್ಕಿಸುವ ರೂಢಿಯುಳ್ಳ ನಾವು ಮೊದಲು ತಿಳಿಯತಕ್ಕದ್ದು, ಇದರ ನೆರಿಗೆ ಹಿಂದೆ, ನೆರಿಗೆಯಿಲ್ಲದ ಸೆರಗು ಮುಂದೆ ಎಂಬುದು. ಮೇಲಿನ ಸೆರಗಿನ ಅಂಚು ಬಲಗಡೆಗೆ ಬರಬೇಕು. ಷರಾಯಿಗಿಂತ ಮೇಲಕ್ಕೆ, ಹೊಕ್ಕುಳ ಮಟ್ಟದಲ್ಲಿ ಕಟ್ಟಬೇಕು. ಕೆಳಗಿನ ಅಂಚು ಮೊಣಕಾಲ ಚಿಪ್ಪಿನ ನಡುವಿಗಿಂತ ಕೆಳಗಿಳಿಯಬಾರದು. ಬಲಗಡೆಯ ಕುಚ್ಚಿನ ಬಳಿ ಚುಚ್ಚುವ ಪಿನ್ನು ಮೇಲಿನ ಸೆರಗನ್ನು ಮಾತ್ರ ಹಿಡಿಯತಕ್ಕದ್ದು. ಎರಡು ಸೆರಗುಗಳನ್ನೂ ಸೇರಿಸಿ ಚುಚ್ಚಿದರೆ ನಡಿಗೆಯಲ್ಲಿ ಬಟ್ಟೆ ಜಗ್ಗಿ ಹರಿಯುತ್ತದೆ.

ಸಂಜೆಯೋ ಹಗಲೋ ಎಂಬುದನ್ನು ನಿರ್ಣಯಿಸುವುದು ಕೋಟು. ಟ್ವೀಡ್ ಬಟ್ಟೆಯದು ಹಗಲಿಗೆ. ಬ್ಲ್ಯಾಕ್ ಟೈ ಎಂದಿದ್ದಲ್ಲಿ, ಮುಂದೆ ನಡುವಿನವರೆಗೆ ಮಾತ್ರ ಇಳಿದು ಹಿಂದೆ ಮೋಟು ಬಾಲವುಳ್ಳ, ಬೆಳ್ಳಿಯ ಗುಂಡಿಗಳ ‘ಪ್ರಿನ್ಸ್ ಚಾರ್ಲಿ’ ಎಂಬ ಕರಿಯ ಕೋಟು, ಮೂರು ಗುಂಡಿಯ ವೇಸ್ಟ್‌ಕೋಟು, ಕರಿಯ ಬೋ ಟೈ. ಸರಳತೆಯನ್ನು ಬಯಸುವವರು ಕರಿಯ ಆರ್ಗೈಲ್ ಕೋಟನ್ನು ತೊಟ್ಟರೂ ತಪ್ಪಿಲ್ಲ. ವೈಟ್ ಟೈ ಎಂದಿದ್ದರೆ ಇನ್ನೂ ಘನವಾದ ಮಾಂಟ್ರೋಸ್, ಶೆರಿಫ್‌ಮ್ಯೂರ್ ಮೊದಲಾದ ಹೆಸರಿನ ಡಬ್ಲೆಟ್ಟುಗಳೂ, ಟೈಗೆ ಬದಲಾಗಿ ಕೊರಳಿನಿಂದ ಇಳಿಬೀಳುವ ಲೇಸಿನ ಝಾಲರಿಯೂ ಸಲ್ಲುತ್ತವೆ. ಈ ಝಾಲರಿಯನ್ನು ಪ್ರಿನ್ಸ್ ಚಾರ್ಲಿಯೊಡನೆ ಧರಿಸುವವರನ್ನು ಕಂಡರೆ ಕ್ಷೇಮೇಂದ್ರನ ಡಾಬು ನೆನಪಾಗುತ್ತದೆ. ಅಂತೆಯೇ, ವೇಸ್ಟ್‌ಕೋಟು ಇರುವಲ್ಲಿ ನಡುಪಟ್ಟಿ ಬೇಡ. ಎರಡೂ ಒಂದೇ ಸ್ಥಾನಕ್ಕಾಗಿ ಸೆಣಸುತ್ತವೆ.

ಕಿಲ್ಟಿಗೆ ಜೇಬಿಲ್ಲವಾದ್ದರಿಂದ ಮುಂದೆ ತೂಗುವ ಸ್ಪೊರಾನ್ ಎಂಬ ಸಂಚಿಯು ಹಗಲಿನಲ್ಲಿ ಬರಿಯ ತೊಗಲಿನದಾದರೆ, ಸಂಜೆಗೆ ಬೆಳ್ಳಿಯ ಬಾಯಿಯುಳ್ಳ ತುಪ್ಪಳದ್ದು. ಕುಣಿತಕ್ಕೆ ನಿಂತಾಗ ಅದನ್ನು ಪಕ್ಕಕ್ಕೆ ಸರಿಸಿಕೊಳ್ಳುವುದು ವಿವೇಕ. ಮೊಣಕಾಲ ಕೆಳಗಿನವರೆಗಿನ ಕಾಲುಚೀಲಗಳು ಇಂದು ಬಹುಮಟ್ಟಿಗೆ ಹಾಲುಬಿಳುಪಿನವಾಗಿಬಿಟ್ಟಿವೆ. ಚೌಕಳಿಯ ಹಳೆಯ ಬಗೆಯೇ ಸಂಜೆಗೆ ಶೋಭಿಸುವುದೆಂದು ನಾನು ಹೇಳುವೆನು. ಬಲಗಾಲಿನ ಚೀಲದಲ್ಲಿ ಸಿಕ್ಕಿಸುವ ಸ್ಕೀಯನ್ ಡೂ ಎಂಬ ಕಿರುಗತ್ತಿಯ ಹಿಡಿ ಮಾತ್ರ ಹೊರಗೆ ಕಾಣಬೇಕು. ಕೊಡವರು ಕುಪ್ಯದ ಮೇಲಿನ ಚೇಲೆಯಲ್ಲಿ ಪೀಚೆಕತ್ತಿಯನ್ನು ಸಿಕ್ಕಿಸುವುದನ್ನು ಕಂಡವರಿಗೆ ಇದರ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ. ರಾಷ್ಟ್ರೀಯ ಉಡುಪಿನ ಅಂಗವಾಗಿ ಅದನ್ನು ಧರಿಸಲು ಅಲ್ಲಿಯ ಕಾನೂನು ಅವಕಾಶವಿತ್ತಿದೆ. ವಿಮಾನದಲ್ಲಿ ಮಾತ್ರ ಅದನ್ನು ಕೈಚೀಲದಲ್ಲಿಡದೆ ಸಾಮಾನಿನ ಪೆಟ್ಟಿಗೆಯಲ್ಲಿಡಬೇಕು.

ಹೆಂಗಸರಿಗೆ ನಿಯಮಗಳು ಕಡಮೆ: ಉದ್ದನೆಯ ಸಂಜೆಯುಡುಪು, ಭುಜದ ಮೇಲೆ ಬ್ರೂಚಿನಿಂದ ಬಂಧಿಸಿದ, ಟಾರ್ಟನ್ ಎಂಬ ಚೌಕಳಿ ಬಟ್ಟೆಯ ಪಟ್ಟಿ, ಇಷ್ಟಾದರೆ ಸಾಕು.

ಕುಲವಿಲ್ಲದವನು ಕುಲದ ಟಾರ್ಟನ್ನನ್ನು ಉಡಬಹುದೆ ಎಂಬ ಸಂದೇಹ ನಮ್ಮವರನ್ನು ಬಾಧಿಸುವುದು ಸಹಜ. ಇಂಥದನ್ನು ಇಂಥವರೇ ಉಡಬೇಕೆಂಬ ಕಾನೂನೇನೂ ಇಲ್ಲ. ರಾಜಮನೆತನಕ್ಕೆ ಮೀಸಲೆಂದು ಸಂಪ್ರದಾಯ ಗೌರವಿಸುವ ಬಾಲ್ಮೋರಲ್ ಟಾರ್ಟನ್ನಿನಂಥವನ್ನು ಬಿಟ್ಟು, ಬ್ಲ್ಯಾಕ್ ವಾಚ್, ಹಂಟಿಂಗ್ ಸ್ಟುವರ್ಟ್ ಮೊದಲಾದವನ್ನು ಯಾರು ಬೇಕಾದರೂ ನಿಸ್ಸಂಕೋಚವಾಗಿ ಧರಿಸಬಹುದು. ವರನ ಮನೆಯವರೇ ತಮ್ಮ ಕುಲದ ಟಾರ್ಟನ್ನನ್ನು ಉಡಲು ಕೊಟ್ಟರೆ ಅದು ಆದರದ ಗುರುತು, ಸ್ವೀಕರಿಸುವುದೇ ಸೌಜನ್ಯ.

ಇಷ್ಟನ್ನು ಹೇಳಿದ ಮೇಲೂ, ಕಿಲ್ಟು ಉಡಲೇಬೇಕೆಂಬ ನಿರ್ಬಂಧ ಅತಿಥಿಗಿಲ್ಲ. ತನ್ನ ನಾಡಿನ ಸಮಾರಂಭದ ಉಡುಪಿನಲ್ಲಿ, ಜರಿಯಂಚಿನ ಪಂಚೆ, ಮುಚ್ಚುಕೊರಳಿನ ಕೋಟು, ಮೈಸೂರು ಪೇಟಗಳಲ್ಲಿಯೋ, ಕೊಡವನಾದರೆ ಕುಪ್ಯ, ಚೇಲೆಗಳಲ್ಲಿಯೋ ಬಂದವನು ಅಲ್ಲಿಯ ಡಬ್ಲೆಟ್ಟಿನವರ ಪಕ್ಕದಲ್ಲಿ ತಲೆತಗ್ಗಿಸಬೇಕಾದುದಿಲ್ಲ. ಯಾವುದನ್ನು ಆರಿಸಿಕೊಂಡರೂ, ಕರೆ ಬಂದೊಡನೆ ಆತಿಥೇಯರನ್ನು ವಿಚಾರಿಸಿಕೊಳ್ಳಿರಿ. ಅಳತೆ ಕೊಟ್ಟು ಹೊಲಿಸುವ ಕಿಲ್ಟು ಕೈಸೇರುವುದಕ್ಕೆ ವಾರಗಳೇ ಹಿಡಿಯುತ್ತವೆ.