ಹೆಪ್ಪಿಲ್ಲದ ಮೊಸರು

1952ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಎಂಬ ಇಪ್ಪತ್ತೆರಡರ ಹುಡುಗ ಪಿಎಚ್.ಡಿ ಮಾರ್ಗದರ್ಶಕರಿಲ್ಲದೆ ನಡುದಾರಿಯಲ್ಲಿ ನಿಂತಿದ್ದ. ಅವನ ಗುರು ಎಡ್ವರ್ಡ್ ಟೆಲ್ಲರ್ ಹೈಡ್ರೊಜನ್ ಬಾಂಬಿನ ಹಿಂದೆ ಬಿದ್ದು ಊರೇ ಬಿಟ್ಟಿದ್ದರು. ಮಿಲ್ಲರ್ ಹೋಗಿ ಹೆರಾಲ್ಡ್ ಯೂರಿಯವರ ಬಾಗಿಲು ತಟ್ಟಿದ. ಯೂರಿ ಭಾರಜಲಜನಕವನ್ನು ಪತ್ತೆಹಚ್ಚಿ 1934ರಲ್ಲೇ ನೊಬೆಲ್ ಪಡೆದಿದ್ದವರು. ಎಳೆಯ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ, ಮೀಥೇನ್, ಅಮೋನಿಯಾ, ಹೈಡ್ರೊಜನ್ ಇದ್ದವು, ಅಂಥ ಗಾಳಿಯಲ್ಲಿ ಜೀವದ್ರವ್ಯಗಳು ತಾವಾಗಿಯೇ ಹುಟ್ಟುತ್ತವೆಯೋ ಎಂದು ಯಾರಾದರೂ ಪ್ರಯೋಗ ಮಾಡಿ ನೋಡಬಾರದೇಕೆ ಎಂದು ಹಿಂದಿನ ವರ್ಷ ಉಪನ್ಯಾಸವೊಂದರಲ್ಲಿ ಕೇಳಿದ್ದರು. ಅದನ್ನು ತಾನೇ ಮಾಡುತ್ತೇನೆಂದು ಹುಡುಗ ಬಂದಾಗ ಮಾತ್ರ ಅವರಿಗೆ ದಿಗಿಲಾಯಿತು. ಫಲ ಸಿಗದಿದ್ದರೆ ಇವನ ಪದವಿಯ ಗತಿಯೇನು? ಮಿಲ್ಲರ್ ಹಟ ಬಿಡಲಿಲ್ಲ. ಒಂದು ವರ್ಷದೊಳಗೆ ಏನೂ ಕಾಣದಿದ್ದರೆ ಬೇರೆ ವಿಷಯ ಹಿಡಿಯಬೇಕು ಎಂಬ ಕರಾರಿನ ಮೇಲೆ ಯೂರಿ ಒಪ್ಪಿದರು.

ಉಪಕರಣ ಸರಳವಾದದ್ದು. ಎರಡು ಗಾಜಿನ ಬುರುಡೆಗಳು, ನಡುವೆ ಕೊಳವೆಗಳು. ಕೆಳಗಿನ ಬುರುಡೆಯಲ್ಲಿ ಕುದಿಯುವ ನೀರು, ಅದು ಕಡಲು. ಮೇಲಿನದರಲ್ಲಿ ಮೂರು ಅನಿಲಗಳು, ಅದು ಆಕಾಶ. ಆಕಾಶದಲ್ಲಿ ಟಂಗ್‌ಸ್ಟನ್ ಕಡ್ಡಿಗಳ ನಡುವೆ ಎಡೆಬಿಡದೆ ಹಾರುವ ಕಿಡಿ, ಅದು ಸಿಡಿಲು. ಆವಿ ಮೇಲೇರಿ, ಕಿಡಿಗೆ ಸಿಕ್ಕು, ತಣಿದು, ಮಳೆಯಾಗಿ ಮತ್ತೆ ಕಡಲಿಗಿಳಿಯುತ್ತಿತ್ತು. ಮೊದಲ ದಿನ ಕಳೆಯುವಷ್ಟರಲ್ಲಿ ನೀರಿಗೆ ತಿಳಿಗುಲಾಬಿ ಬಣ್ಣ ಬಂತು. ವಾರದ ಕೊನೆಗೆ ಕಡುಗೆಂಪಾಗಿ ಕದಡಿತು. ಅದರಲ್ಲಿ ಗ್ಲೈಸಿನ್ ಇತ್ತು, ಅಲನೈನ್ ಇತ್ತು. ಎರಡೂ ಅಮೈನೊ ಆಮ್ಲಗಳು, ನಮ್ಮ ಮೈಯ ಪ್ರೋಟೀನುಗಳ ಘಟಕಗಳು.

‘ಸೈನ್ಸ್’ ಪತ್ರಿಕೆಯಲ್ಲಿ 1953ರ ಮೇ 15ರಂದು ಪ್ರಬಂಧ ಬಂದಾಗ ಅದರ ಮೇಲಿದ್ದುದು ಮಿಲ್ಲರ್ ಹೆಸರೊಂದೇ. ನೊಬೆಲ್ ಪಡೆದವನ ಹೆಸರು ಜೊತೆಗಿದ್ದರೆ ಶ್ರೇಯವೆಲ್ಲ ತನಗೇ ಸೇರುತ್ತದೆಂದು ಯೂರಿ ತಮ್ಮ ಹೆಸರನ್ನು ತೆಗೆಸಿದ್ದರು. (ನಮ್ಮಲ್ಲಿ ಎಷ್ಟು ಮಾರ್ಗದರ್ಶಕರು ಹೀಗೆ ಮಾಡಿಯಾರು ಎಂದು ಕೇಳುವುದು ಬೇಡ.) ಡಿಎನ್‌ಎಯ ಜೋಡಿಸುರುಳಿಯ ಸುದ್ದಿ ಬಂದು ಆಗ ಮೂರು ವಾರವೂ ಆಗಿರಲಿಲ್ಲ. ಇನ್ನೇನು, ಪ್ರಯೋಗಾಲಯದಿಂದ ಜೀವಿಯೊಂದು ತೆವಳಿಕೊಂಡು ಹೊರಬರಲಿದೆ ಎಂದು ನಂಬಿದವರು ಬಹಳ ಮಂದಿ.

ಮಿಲ್ಲರ್ ಪರೀಕ್ಷಿಸಿದ ವಿಚಾರಕ್ಕೆ ಆ ಹೊತ್ತಿಗಾಗಲೇ ಮೂರು ದಶಕ ತುಂಬುತ್ತಿತ್ತು. 1924ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಾಂಡರ್ ಒಪಾರಿನ್ ಒಂದು ಪುಟ್ಟ ಪುಸ್ತಿಕೆಯಲ್ಲಿ ಅದನ್ನು ಬರೆದಿದ್ದರು. ಅದರ ಸುಳಿವೇ ಇಲ್ಲದೆ 1929ರಲ್ಲಿ ಇಂಗ್ಲೆಂಡಿನ ಜೆ.ಬಿ.ಎಸ್. ಹಾಲ್ಡೇನ್ ಅದೇ ಬಗೆಯ ವಾದ ಮಂಡಿಸಿದರು: ಆದಿಯ ಕಡಲು ಬಿಸಿಯಾದ ತೆಳ್ಳನೆಯ ಸಾರಿನಂತಿತ್ತು, ಜೀವ ಅದರಲ್ಲಿ ಮೊಳೆಯಿತು. ಈ ಹಾಲ್ಡೇನ್ ನಮಗೂ ಸ್ವಲ್ಪ ಸೇರಿದವರೇ. 1957ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದು, ಭಾರತದ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲು ಫ್ಲಾರಿಡಾದ ಸಮ್ಮೇಳನವೊಂದರಲ್ಲಿ ಒಪಾರಿನ್ ಎದುರಾದಾಗ, ಮೊದಲು ಹೇಳಿದ್ದು ಅವರೇ ಎಂದು ಹಾಲ್ಡೇನ್ ಮನಸಾರೆ ಒಪ್ಪಿಕೊಂಡರು.

ಇವರಿಬ್ಬರೂ ಪಾಶ್ಚರ್ ಬಿಟ್ಟುಹೋದ ಕಗ್ಗಂಟಿಗೆ ಕೈಹಾಕಿದ್ದರು. ಜೀವದಿಂದಲೇ ಜೀವ, ಕೊಳೆತ ಮಾಂಸದಿಂದಲೋ ಕೆಸರಿನಿಂದಲೋ ಅದು ತಾನಾಗಿ ಹುಟ್ಟದು ಎಂದು 1860ರ ಸುಮಾರಿಗೆ ಪಾಶ್ಚರ್ ಹಂಸದ ಕೊರಳಿನಂಥ ಬಾಗುಕೊಳವೆಯ ಪಾತ್ರೆಗಳಿಂದ ತೋರಿಸಿದ್ದರು. ಸರಿ, ನಿನ್ನೆಯ ಮೊಸರಿನ ಹೆಪ್ಪಿಲ್ಲದೆ ಇಂದು ಮೊಸರಾಗದು. ಹಾಗಾದರೆ ಮೊಟ್ಟಮೊದಲ ಮೊಸರಿಗೆ ಹೆಪ್ಪು ಎಲ್ಲಿಂದ ಬಂತು?

ಮಿಲ್ಲರ್ ಪ್ರಯೋಗ ಇದಕ್ಕೆ ಉತ್ತರವೆಂದು ನಾವೆಲ್ಲ ಶಾಲೆಯಲ್ಲಿ ಓದಿದೆವು. ಪಠ್ಯಪುಸ್ತಕಗಳು ಅಲ್ಲಿಗೇ ನಿಂತವು, ವಿಜ್ಞಾನ ನಿಲ್ಲಲಿಲ್ಲ. ಎಳೆಯ ಭೂಮಿಯ ಗಾಳಿಯನ್ನು ತುಂಬಿದ್ದು ಜ್ವಾಲಾಮುಖಿಗಳು ಉಗುಳಿದ ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕ ಎಂದು ಭೂವಿಜ್ಞಾನಿಗಳು ವಾದಿಸತೊಡಗಿದರು. ಆ ಮಿಶ್ರಣದಲ್ಲಿ ಕಿಡಿ ಹಾರಿಸಿದರೆ ಸಿಗುವ ಫಸಲು ತೀರಾ ಕಡಿಮೆ. ಇತ್ತ 1969ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಎಂಬಲ್ಲಿ ಉಲ್ಕಾಶಿಲೆಯೊಂದು ಚೂರುಚೂರಾಗಿ ಬಿತ್ತು. ಶ್ರೀಲಂಕಾದ ಗಾಲೆಯಲ್ಲಿ ಹುಟ್ಟಿ, ಮದರಾಸಿನಲ್ಲಿ ತತ್ತ್ವಶಾಸ್ತ್ರ ಓದಿ, ನಾಸಾದ ರಸಾಯನ ವಿಜ್ಞಾನಿಯಾಗಿದ್ದ ಸಿರಿಲ್ ಪೊನ್ನಂಪೆರುಮ ಅವರ ತಂಡ ಅದರೊಳಗೂ ಅಮೈನೊ ಆಮ್ಲಗಳನ್ನು ಕಂಡಿತು. 2023ರಲ್ಲಿ ಬೆನ್ನು ಎಂಬ ಕ್ಷುದ್ರಗ್ರಹದಿಂದ ತಂದ 121 ಗ್ರಾಮ್ ಚಿಲ್ಲರೆ ಮಣ್ಣಿನಲ್ಲಿ, ಜೀವಿಗಳು ಬಳಸುವ ಇಪ್ಪತ್ತು ಅಮೈನೊ ಆಮ್ಲಗಳ ಪೈಕಿ ಹದಿನಾಲ್ಕು ಸಿಕ್ಕಿವೆ. ಡಿಎನ್‌ಎ, ಆರ್‌ಎನ್‌ಎಗಳ ಐದೂ ಪ್ರತ್ಯಾಮ್ಲಗಳು ಅದರಲ್ಲಿವೆ. ಎಂದರೆ ಜೀವದ ಸಾಮಗ್ರಿ ಈ ಬ್ರಹ್ಮಾಂಡದಲ್ಲಿ ಅಗ್ಗದ ಸರಕು. ಅದು ಹೇಗೆ ಹುಟ್ಟಿತೆಂದು ತಲೆ ಕೆಡಿಸಿಕೊಳ್ಳುವ ಕಾಲ ಮುಗಿದಿದೆ ಎಂದೇ ನನ್ನ ಅನಿಸಿಕೆ.

ಆದರೂ ಮಿಲ್ಲರ್ ಕಥೆಗೆ ಒಂದು ಬಾಲಂಗೋಚಿ ಇದೆ. 2007ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಜೆಫ್ರಿ ಬಾಡಾ ಅವರ ಕೈಗೆ ರಟ್ಟಿನ ಪೆಟ್ಟಿಗೆಗಳು ಸಿಕ್ಕವು. ಒಳಗೆ ಐವತ್ತರ ದಶಕದ ಪ್ರಯೋಗಗಳ ಒಣಗಿದ ಚರಟ, ಚೀಟಿ ಅಂಟಿಸಿದ ಪುಟ್ಟ ಸೀಸೆಗಳಲ್ಲಿ. ಜ್ವಾಲಾಮುಖಿಯ ಬಾಯಿಂದ ಚಿಮ್ಮುವ ಆವಿಯನ್ನು ಅನುಕರಿಸಿದ ಒಂದು ಪ್ರಯೋಗದ ಸೀಸೆಗಳನ್ನು ಹೊಸ ಉಪಕರಣಗಳಲ್ಲಿ ಪರೀಕ್ಷಿಸಿದಾಗ 22 ಅಮೈನೊ ಆಮ್ಲಗಳು ಕಂಡವು. 1953ರ ಕಾಗದದ ಕ್ರೊಮ್ಯಾಟೊಗ್ರಫಿಗೆ ಅವು ಹೇಗೆ ಕಂಡಾವು? 2021ರಲ್ಲಿ ಇನ್ನೂ ಸೋಜಿಗದ ಸಂಗತಿ ಹೊರಬಿತ್ತು. ಸ್ಪೇನ್ ಮತ್ತು ಇಟಲಿಯ ವಿಜ್ಞಾನಿಗಳು ಅದೇ ಪ್ರಯೋಗವನ್ನು ಟೆಫ್ಲಾನ್ ಪಾತ್ರೆಯಲ್ಲಿ ಮಾಡಿದರು. ಫಸಲು ಕುಸಿಯಿತು. ಟೆಫ್ಲಾನ್ ಪಾತ್ರೆಗೆ ಗಾಜಿನ ಚೂರುಗಳನ್ನು ಹಾಕಿದಾಗ ಚೇತರಿಸಿಕೊಂಡಿತು. ಅಮೋನಿಯಾ ಬೆರೆತ ಕ್ಷಾರೀಯ ನೀರು ಗಾಜನ್ನು ಕರಗಿಸುತ್ತದೆ, ಆ ಸಿಲಿಕಾ ರಾಸಾಯನಿಕ ಕ್ರಿಯೆಗೆ ಕೈಜೋಡಿಸುತ್ತದೆ. ಕಡಲನ್ನೂ ಆಕಾಶವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮಿಲ್ಲರ್ ನೆಲವನ್ನು ಮರೆತಿದ್ದರು. ಅವರಿಗೇ ತಿಳಿಯದಂತೆ ಆ ಬುರುಡೆಯೇ ಬಂಡೆಯ ಪಾತ್ರ ವಹಿಸಿತ್ತು.

ಬಂಡೆ ಎಂದಕೂಡಲೇ, ಜೀವ ಹುಟ್ಟಿದ್ದೆಲ್ಲಿ ಎಂಬ ಇಂದಿನ ಜಗಳಕ್ಕೆ ಬರಬೇಕು. ಅಟ್ಲಾಂಟಿಕ್ ತಳದಲ್ಲಿ 2000ನೇ ಇಸವಿಯಲ್ಲಿ ‘ಲಾಸ್ಟ್ ಸಿಟಿ’ ಎಂಬ ಬಿಸಿನೀರ ಬುಗ್ಗೆಗಳ ಊರು ಪತ್ತೆಯಾಯಿತು. ಸುಣ್ಣದ ಬಿಳಿ ಗೋಪುರಗಳು, ಅತಿ ಎತ್ತರದ್ದು ಅರವತ್ತು ಮೀಟರ್. ಬಂಡೆಯೂ ನೀರೂ ಕೂಡಿ ಹೈಡ್ರೊಜನ್ ಹೊಮ್ಮುತ್ತದೆ, ಗೋಪುರದ ಸೂಕ್ಷ್ಮ ರಂಧ್ರಗಳಲ್ಲಿ ಕ್ಷಾರೀಯ ನೀರು ಹರಿಯುತ್ತದೆ. ಎಳೆಯ ಭೂಮಿಯ ಕಡಲು ಆಮ್ಲೀಯವಾಗಿತ್ತು. ಒಳಗೆ ಕ್ಷಾರ, ಹೊರಗೆ ಆಮ್ಲ, ನಡುವೆ ತೆಳು ಗೋಡೆಯಿದ್ದರೆ ಪ್ರೋಟಾನುಗಳ ಇಳಿಜಾರು ಉಂಟಾಗುತ್ತದೆ. ನಿಮ್ಮ, ನನ್ನ, ಹುಲ್ಲಿನ, ಬ್ಯಾಕ್ಟೀರಿಯಾದ ಜೀವಕೋಶಗಳು ಈ ಗಳಿಗೆಯಲ್ಲೂ ಶಕ್ತಿ ಗಳಿಸುವುದು ಇಂಥದೇ ಇಳಿಜಾರಿನಿಂದ. ಪೀಟರ್ ಮಿಚೆಲ್ 1961ರಲ್ಲಿ ಹೀಗೆಂದಾಗ ಯಾರೂ ನಂಬಿರಲಿಲ್ಲ. 1978ರಲ್ಲಿ ಅದಕ್ಕೆ ನೊಬೆಲ್ ಬಂತು.

ಬುಗ್ಗೆಯ ಪಕ್ಷಕ್ಕೆ ಎದುರಾಗಿ ಕೊಳದ ಪಕ್ಷವಿದೆ. ಡಾರ್ವಿನ್ ಕೂಡ 1871ರ ಪತ್ರವೊಂದರಲ್ಲಿ ಬೆಚ್ಚನೆಯ ಪುಟ್ಟ ಕೊಳವನ್ನೇ ಊಹಿಸಿದ್ದರು. ಅಣುಗಳು ಕೊಂಡಿಯಾಗಬೇಕಾದರೆ ಅವುಗಳ ನಡುವಿನ ನೀರು ತೊಲಗಬೇಕು. ಕಡಲ ತಳದಲ್ಲಿ ನೀರು ತೊಲಗುವುದೆಲ್ಲಿಗೆ? ಬಿಸಿಲಿಗೆ ಒಣಗಿ, ಮಳೆಗೆ ನೆನೆದು, ಮತ್ತೆ ಒಣಗುವ ಹೊಂಡದಲ್ಲಾದರೆ ಅದು ಸಾಧ್ಯ. ಆರ್‌ಎನ್‌ಎಯ ಘಟಕಗಳನ್ನು 2009ರಲ್ಲಿ ಸರಳ ಅಣುಗಳಿಂದ ಕಟ್ಟಿ ತೋರಿಸಿದ ಜಾನ್ ಸದರ್ಲೆಂಡ್ ತಂಡಕ್ಕೂ ನೇರಳಾತೀತ ಕಿರಣ ಬೇಕಾಗಿತ್ತು. ಆಳಸಮುದ್ರದಲ್ಲಿ ಅದು ಸಿಗದು. ನನ್ನ ಒಲವು ಬುಗ್ಗೆಗಳ ಕಡೆಗೆ, ಏಕೆಂದರೆ ಊಟವಿಲ್ಲದೆ ಯಾವ ಜೀವಿಯೂ ಇಲ್ಲ, ಅಲ್ಲಿ ಊಟ ಸದಾ ಸಿದ್ಧ. ಆದರೆ ರಸಾಯನಶಾಸ್ತ್ರದ ಸಾಕ್ಷ್ಯ ಸದ್ಯಕ್ಕೆ ಕೊಳದ ಕಡೆ ವಾಲಿದೆ ಎಂಬುದನ್ನು ಒಪ್ಪಲೇಬೇಕು.

ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋದರೆ ಪ್ರಾಚೀನ ಕಡಲತಳದ ಒಂದು ತುಣುಕನ್ನು ಕೈಯಿಂದ ಮುಟ್ಟಬಹುದು. ನೀರಿನಡಿ ಉಕ್ಕಿದ ಲಾವಾ ತಣಿದು ದಿಂಬುಗಳ ರಾಶಿಯಾಗಿ ಗಟ್ಟಿಗೊಂಡ ಆ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಅಷ್ಟು ಹಳೆಯದೂ ಜೀವದ ಹುಟ್ಟಿಗೆ ತೀರಾ ಈಚಿನದು. ಆಸ್ಟ್ರೇಲಿಯಾದ ಪಿಲ್ಬಾರಾದಲ್ಲಿ ಸೂಕ್ಷ್ಮಜೀವಿಗಳು ಬಿಟ್ಟುಹೋದ ಪದರಗಳಿಗೆ 348 ಕೋಟಿ ವರ್ಷ ವಯಸ್ಸು.

ಇಷ್ಟೆಲ್ಲ ಹೇಳಿದ ಮೇಲೂ, ಹುಟ್ಟಿದ್ದು ಏನು ಎಂಬ ಪ್ರಶ್ನೆ ಉಳಿಯುತ್ತದೆ. ಡಾರ್ವಿನ್ ಹೇಳಿದಂತೆ ವಿಕಾಸವಾಗಬಲ್ಲ, ತನ್ನನ್ನು ತಾನೇ ನಡೆಸಿಕೊಳ್ಳುವ ರಾಸಾಯನಿಕ ವ್ಯವಸ್ಥೆಯೇ ಜೀವ ಎಂಬುದು ನಾಸಾ ಬಳಸುವ ವ್ಯಾಖ್ಯೆ. ತರಲೆ ಮಾಡುವವರು ತಕ್ಷಣ ಹೇಸರಗತ್ತೆಯನ್ನು ಎಳೆದು ತರುತ್ತಾರೆ: ಅದು ಮರಿ ಹಾಕದು, ಹಾಗಾದರೆ ಸತ್ತಿದೆಯೇ? ವೈರಸ್ಸು ವಿಕಾಸವಾಗುತ್ತದೆ, ಆದರೆ ತಾನಾಗಿ ಏನನ್ನೂ ನಡೆಸದು. ಒಂಟಿ ಪ್ರಾಣಿಗೆ ಈ ಅಳತೆಗೋಲು ಹೊಂದುವುದಿಲ್ಲ, ತಲೆಮಾರುಗಳ ಸಾಲಿಗೆ ಹೊಂದುತ್ತದೆ.

ಜೀವಕ್ಕೆ ಕನಿಷ್ಠ ಎಷ್ಟು ಬೇಕೆಂದು ತಿಳಿಯಲು ಕ್ರೇಗ್ ವೆಂಟರ್ ತಂಡ ತದ್ವಿರುದ್ಧ ದಾರಿ ಹಿಡಿಯಿತು. ಬ್ಯಾಕ್ಟೀರಿಯಾವೊಂದರ ಜೀನುಗಳನ್ನು ಕತ್ತರಿಸುತ್ತ ಹೋಗಿ, 2016ರಲ್ಲಿ 473 ಜೀನುಗಳಷ್ಟೇ ಇರುವ ಕೋಶವನ್ನು ಮುಂದಿಟ್ಟಿತು. ಡಿಎನ್‌ಎಯನ್ನು ಯಂತ್ರದಲ್ಲಿ ಹೆಣೆದಿದ್ದರೂ ಅದನ್ನು ತುಂಬಲು ಬೇರೊಂದು ಜೀವಂತ ಕೋಶವೇ ಬೇಕಾಯಿತು. ಪಾಶ್ಚರ್ ಅಲ್ಲೂ ಗೆದ್ದರು. ಆ 473ರಲ್ಲಿ 149 ಜೀನುಗಳ ಕೆಲಸವೇನೆಂದು ಕಟ್ಟಿದವರಿಗೇ ಗೊತ್ತಿರಲಿಲ್ಲ. ತೆಗೆದರೆ ಕೋಶ ಸಾಯುತ್ತದೆ ಅಥವಾ ಸೊರಗುತ್ತದೆ, ಅಷ್ಟೇ ಗೊತ್ತು. ಆಮೇಲೆ ಅಮೆರಿಕದ ಇಂಡಿಯಾನಾದಲ್ಲಿ ಜೇ ಲೆನನ್ ತಂಡ ಇದರ ಸೋದರ ತಳಿಯೊಂದನ್ನು 300 ದಿನ ಅದರ ಪಾಡಿಗೆ ಬೆಳೆಯಲು ಬಿಟ್ಟಿತು. ಕತ್ತರಿಗೆ ಸಿಕ್ಕು ಬಡಕಲಾಗಿದ್ದ ಅದು 2,000 ತಲೆಮಾರು ಕಳೆಯುವಷ್ಟರಲ್ಲಿ, ಕಳೆದುಕೊಂಡ ಜೀನುಗಳಲ್ಲಿ ಒಂದೂ ಮರಳಿ ಸಿಗದಿದ್ದರೂ, ಕಳೆದುಕೊಂಡ ಕಸುವನ್ನೆಲ್ಲ ಮರಳಿ ಗಳಿಸಿಕೊಂಡಿತ್ತು.