ತೇಲುವ ಅಂಗಿಯ ಅಳತೆ

ರಿಚರ್ಡ್ಸ್ ಟೌನಿನ ಮಕ್ಕಳಿಗೆ ದೊಡ್ಡ ನೀರು ಎಂದರೆ ಹಲಸೂರು ಕೆರೆ. ಅದೂ ದಡದಲ್ಲಿ ನಿಂತು ನೋಡಿದ್ದು. ಅಂಥ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಮರುದಿನ ಮುರುಡೇಶ್ವರ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಸಾಗಿದರೆ ನೇತ್ರಾಣಿ ದ್ವೀಪ. ಕಣ್ಣಿಗೆ ಮಾಸ್ಕ್ ಹಾಕಿ, ಬಾಯಲ್ಲಿ ಉಸಿರುಕೊಳವೆ ಕಚ್ಚಿ, ಬೋರಲಾಗಿ ತೇಲುತ್ತ ಬಣ್ಣದ ಮೀನುಗಳನ್ನು ನೋಡುವ ಸ್ನಾರ್ಕೆಲಿಂಗ್ ಅಲ್ಲಿನ ಆಕರ್ಷಣೆ.

‘ಈಜು ಬಾರದಿದ್ದರೇನು, ಜಾಕೆಟ್ ಇದೆಯಲ್ಲ’ ಎಂದು ಅನೇಕರು ಧೈರ್ಯ ತಂದುಕೊಳ್ಳುತ್ತಾರೆ. ಆದರೆ ಯಾವ ಜಾಕೆಟ್? ಅದು ಯಾರ ಅಳತೆಯದು? ಈ ಪ್ರಶ್ನೆ ಕೇಳುವವರು ಕಡಿಮೆ.

ಕೇಳಲೇಬೇಕು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಮುರುಡೇಶ್ವರದ ಕಡಲತೀರದಲ್ಲಿ ನೀರುಪಾಲಾದರು. ಅವರು ಸ್ನಾರ್ಕೆಲಿಂಗ್‌ಗೆ ಹೋದವರಲ್ಲ, ದಡದ ಅಲೆಗಳಿಗೆ ಸಿಕ್ಕವರು. ದಡದಲ್ಲೇ ಹೀಗಾದರೆ, ಬಂಡೆಗಳೇ ತುಂಬಿರುವ, ಕಾಲಿಗೆ ನೆಲ ಸಿಗದ ನೇತ್ರಾಣಿಯ ಬಳಿ ಎಷ್ಟು ಎಚ್ಚರ ಬೇಕು!

ಬಾವಿಯಲ್ಲಿ ಈಜು ಕಲಿಯುವ ಹುಡುಗನ ಬೆನ್ನಿಗೆ ಒಣಗಿದ ಸೋರೆ ಬುರುಡೆಯನ್ನೋ ಬೆಂಡನ್ನೋ ಕಟ್ಟುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಅಷ್ಟು ಹಗುರವಾದ ವಸ್ತು ಅಷ್ಟು ಭಾರದ ಹುಡುಗನನ್ನು ಹೇಗೆ ಎತ್ತುತ್ತದೆ? ಉತ್ತರ ಆರ್ಕಿಮಿಡೀಸನ ತತ್ತ್ವದಲ್ಲಿದೆ. ಮುಳುಗಿದ ದೇಹ ತಾನು ಸರಿಸಿದ ನೀರಿನ ತೂಕದಷ್ಟೇ ಬಲದಿಂದ ಮೇಲಕ್ಕೆ ತಳ್ಳಲ್ಪಡುತ್ತದೆ. ಮನುಷ್ಯನ ದೇಹದ ಸಾಂದ್ರತೆ ಹೆಚ್ಚು ಕಡಿಮೆ ನೀರಿನಷ್ಟೇ. ಹೀಗಾಗಿ ನೀರಿನಲ್ಲಿ ನಾವು ಬಹುತೇಕ ತೂಕವಿಲ್ಲದವರು. ಭಾರವಾಗುವುದು ನೀರಿನಿಂದ ಮೇಲೆತ್ತಿದ ಭಾಗ ಮಾತ್ರ. ತಲೆಯ ತೂಕ ನಾಲ್ಕೈದು ಕಿಲೋ. ಜಾಕೆಟ್ ಹೊರಬೇಕಾದದ್ದು ಸುಮಾರಾಗಿ ಅಷ್ಟೇ.

ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಹೆಚ್ಚು ಸಾಂದ್ರ. ಅಂದರೆ 60 ಲೀಟರ್ ಗಾತ್ರದ ದೇಹಕ್ಕೆ ಸಮುದ್ರ ಒಂದೂವರೆ ಕಿಲೋದಷ್ಟು ಹೆಚ್ಚಿನ ಆಸರೆ ಕೊಡುತ್ತದೆ. ಆದರೆ ಗಾಬರಿಯಿಂದ ಕೂಗಿಕೊಂಡವನ ಶ್ವಾಸಕೋಶದಿಂದ ಮೂರು ಲೀಟರ್ ಗಾಳಿ ಹೊರಬಿದ್ದರೆ ಮೂರು ಕಿಲೋ ಆಸರೆ ಹೋದಂತೆ. ಸಮುದ್ರ ಕೊಟ್ಟದ್ದಕ್ಕಿಂತ ಗಾಬರಿ ಕಿತ್ತುಕೊಳ್ಳುವುದೇ ಹೆಚ್ಚು!

ಜಾಕೆಟ್ಟಿನ ಬಲವನ್ನು ನ್ಯೂಟನ್‌ನಲ್ಲಿ ಹೇಳುತ್ತಾರೆ. 10 ನ್ಯೂಟನ್ ಸರಿಸುಮಾರು ಒಂದು ಕಿಲೋ ಎತ್ತುವ ಬಲ. ಅಂತರರಾಷ್ಟ್ರೀಯ ಮಾನದಂಡದಲ್ಲಿ 50 ನ್ಯೂಟನ್‌ನ ದರ್ಜೆ ಈಜು ಬಲ್ಲವರಿಗೆ, ಅದೂ ನೆರವು ಹತ್ತಿರದಲ್ಲಿದ್ದಾಗ. 100 ನ್ಯೂಟನ್‌ನ ದರ್ಜೆ ಪ್ರಜ್ಞೆ ತಪ್ಪಿದವರನ್ನೂ ಮುಖ ಮೇಲಾಗಿ ತಿರುಗಿಸುವಂತೆ ರೂಪಿಸಿದ್ದು.

ತೊಡಕು ಇರುವುದು ಇಲ್ಲಿಯೇ. ಸ್ನಾರ್ಕೆಲಿಂಗ್‌ನಲ್ಲಿ ಮುಖ ಕೆಳಗಿರಬೇಕು. ಪ್ರಾಣ ಉಳಿಸುವ ಜಾಕೆಟ್ ಮುಖವನ್ನು ಮೇಲಕ್ಕೆತ್ತುತ್ತದೆ. ಎದೆಯ ಮೇಲೆ ದಪ್ಪ ಫೋಮ್ ಇದ್ದರೆ ಬೋರಲು ಮಲಗುವುದು ಕಷ್ಟ, ಕತ್ತು ನೋಯುತ್ತದೆ. ಚೆನ್ನಾಗಿ ಈಜು ಬಲ್ಲವರಿಗೆ ಇದಕ್ಕೆ ಪರಿಹಾರವೆಂದರೆ ಬಾಯಿಂದ ಗಾಳಿ ಊದುವ ಸ್ನಾರ್ಕೆಲ್ ಅಂಗಿ. ಅರ್ಧ ಊದಿದರೆ ಆರಾಮ, ದಣಿದಾಗ ಪೂರ್ತಿ ಊದಿಕೊಳ್ಳಬಹುದು. ಆದರೆ ತೂತಾದರೆ ಅದು ಬರೀ ಬಟ್ಟೆ. ಈಜು ಬಾರದವರು ಕತ್ತು ನೋವನ್ನು ಸಹಿಸಿಕೊಂಡಾದರೂ ಫೋಮ್ ಜಾಕೆಟ್ಟನ್ನೇ ತೊಡಬೇಕು, ಮಾರ್ಗದರ್ಶಕನ ಕೈಯಳತೆಯಲ್ಲೇ ಇರಬೇಕು.

ಆರಿಸುವುದು ಹೇಗೆ? ಮೊದಲು ಒಳಗಿನ ಚೀಟಿಯಲ್ಲಿ ದೇಹತೂಕದ ಮಿತಿ ಓದಿ. ಎಲ್ಲ ಬಕಲ್ ಹಾಕಿ, ಪಟ್ಟಿ ಬಿಗಿದು, ಇನ್ನೊಬ್ಬರಿಂದ ಭುಜದ ಬಳಿ ಮೇಲಕ್ಕೆ ಎಳೆಸಿ. ಜಾಕೆಟ್ ಗಲ್ಲದವರೆಗೆ ಏರಿದರೆ ಅದು ದೊಡ್ಡದು. ತೊಡೆಗಳ ನಡುವೆ ಹಾಯುವ ಪಟ್ಟಿ ಇದ್ದರೆ ಏರುವುದು ತಪ್ಪುತ್ತದೆ. ಬಕಲ್ ಮುರಿದ, ಬಟ್ಟೆ ಹರಿದ, ಫೋಮ್ ಚಪ್ಪಟೆಯಾದ ಜಾಕೆಟ್ ಬೇಡ. ಊದುವ ಅಂಗಿಯನ್ನು ಹಿಂದಿನ ರಾತ್ರಿ ಊದಿಟ್ಟು ಬೆಳಿಗ್ಗೆ ನೋಡಿ, ಮೆತ್ತಗಾಗಿದ್ದರೆ ಬಳಸಬೇಡಿ. ಬಣ್ಣ ಕಿತ್ತಳೆಯೋ ಹಳದಿಯೋ ಆಗಿದ್ದರೆ ದೋಣಿಯವರ ಕಣ್ಣಿಗೆ ಬೇಗ ಬೀಳುತ್ತದೆ.

ಮಕ್ಕಳಿಗೆ ಅವರ ತೂಕದ ಜಾಕೆಟ್ಟೇ ಆಗಬೇಕು. ‘ಮುಂದಿನ ವರ್ಷಕ್ಕೂ ಆಗುತ್ತದೆ’ ಎಂದು ಶಾಲೆಯ ಸಮವಸ್ತ್ರದಂತೆ ದೊಡ್ಡದು ಕೊಳ್ಳುವಂತಿಲ್ಲ. ಸಡಿಲ ಜಾಕೆಟ್ಟಿನಿಂದ ಮಗು ಕೆಳಗೆ ಜಾರುತ್ತದೆ. ತೋಳಿಗೆ ಹಾಕುವ ಗಾಳಿಬಳೆ, ಟ್ಯೂಬು ಆಟಿಕೆಗಳೇ ಹೊರತು ರಕ್ಷಣೆಯಲ್ಲ.

ಪ್ರಯಾಣಕ್ಕೆ ಮೊದಲು ಊರಿನ ಈಜುಕೊಳದ ಆಳವಿಲ್ಲದ ತುದಿಯಲ್ಲಿ, ತರಬೇತುದಾರರ ಎದುರು ಒಂದು ಗಂಟೆ ಅಭ್ಯಾಸ ಮಾಡುವುದು ಒಳ್ಳೆಯದು. ಬೋರಲು ತೇಲುವುದು, ಅಂಗಾತ ತಿರುಗುವುದು, ಕೊಳವೆಯೊಳಗೆ ಬಂದ ನೀರನ್ನು ಊದಿ ಹಾಕುವುದು ಕಲಿತರೆ ಗಾಬರಿ ಅರ್ಧ ಕಳೆಯುತ್ತದೆ. ಏಕೆಂದರೆ ಜಾಕೆಟ್ ದೇಹವನ್ನು ತೇಲಿಸುತ್ತದೆಯೇ ಹೊರತು ಉಸಿರನ್ನು ಕಾಯುವುದಿಲ್ಲ.

ಮಗನನ್ನು ಬಾವಿಗೆ ಇಳಿಸುವ ಮುನ್ನ ಬುರುಡೆ ಕಟ್ಟಿದ ಹಗ್ಗದ ಗಂಟನ್ನು ಅಪ್ಪ ಒಮ್ಮೆ ಎಳೆದು ನೋಡುತ್ತಿದ್ದ. ಬುರುಡೆ ಹೋಗಿ ಫೋಮ್ ಬಂದಿದೆ. ಎಳೆದು ನೋಡುವ ಆ ಕೆಲಸ ಮಾತ್ರ ಇಂದಿಗೂ ತಪ್ಪುವಂತಿಲ್ಲ.